ಒಂದು ಹಲ್ಲಿನಷ್ಟು ತಡ

ಭಾಯಿ ತೀರಿಕೊಂಡ ಎರಡನೇ ತಿಂಗಳಿಗೆ ಆಯುಧಪೂಜೆ ಬಂತು. ಬ್ಯಾಟರಾಯನಪುರದ ನಮ್ಮ ಗ್ಯಾರೇಜಿನಲ್ಲಿ ಆ ಹಬ್ಬದ ಕೆಲಸವನ್ನು ಪಾಲುದಾರರಾದ ಭಾಯಿ, ನಾನು ಇಬ್ಬರೂ ಮೊದಲಿನಿಂದಲೂ ಹಂಚಿಕೊಂಡಿದ್ದೆವು. ಹಿಂದಿನ ದಿನ ಎಂಜಿನ್‌ಗಳನ್ನು ತೊಳೆಯುವುದು ಅವರ ಕೆಲಸ. ಹಬ್ಬದ ದಿನ ಕುಂಬಳಕಾಯಿ ಒಡೆದು, ಜಾಕಿನಿಂದ ಹಿಡಿದು ರಿಪೇರಿಗೆ ನಿಂತ ಕಾರುಗಳ ಎಂಜಿನ್‌ವರೆಗೆ ಎಲ್ಲಕ್ಕೂ ಕುಂಕುಮ ಇಡುವುದು ನನ್ನದು. ಕುಂಕುಮದಲ್ಲಿ ನನ್ನ ಕೈ ಧಾರಾಳ. ಮರುವರ್ಷ ತೊಳೆಯುವಾಗ ಭಾಯಿ ಗೊಣಗುತ್ತಿದ್ದರು, ಏರ್ ಫಿಲ್ಟರಿಗೂ ಇಟ್ಟಿದ್ದೀಯಲ್ಲ ಗುರು, ಅದು ಉಸಿರಾಡ್ಬೇಕಾ ಬೇಡ್ವಾ ಎಂದು. ಈ ವರ್ಷ ತೊಳೆಯುವುದೂ ನನ್ನ ಪಾಲಿಗೇ ಬಂತು.

ಆ ದಿನ ಒಳಗೆ ನಿಂತಿದ್ದ ಮೂರು ಕಾರುಗಳಲ್ಲಿ ಒಂದು ಬಾಗಲೂರಿನ ಯಜಮಾನರದು. ಜಮೀನಿದ್ದ ಕಡೆ ಬಾಡಿಗೆ ಮನೆಗಳು ಎದ್ದ ಮೇಲೂ ಅವರು ತಮ್ಮ ಹಳೆಯ ಬಿಳಿ ಪೆಟ್ರೋಲ್ ಕಾರನ್ನು ಬಿಟ್ಟಿರಲಿಲ್ಲ. ಮಕ್ಕಳು ಗುಜರಿಗೆ ಹಾಕೋಣ ಎನ್ನುತ್ತಿದ್ದರು. ಇವರು ಮರುನೋಂದಣಿಗೆ ಅರ್ಜಿ ಹಾಕಿ, ತಪಾಸಣೆಗೆ ಹದಿನೆಂಟು ದಿನ ಇದೆ, ಟ್ಯಾಪೆಟ್ ಸದ್ದು ಮಾಡುತ್ತಿದೆ, ಅದೊಂದು ನೋಡು ಎಂದು ಬಿಟ್ಟುಹೋಗಿದ್ದರು.

ತೊಳೆಯುವಾಗ ಆ ಕಾರಿನ ಎಂಜಿನ್ನಿನ ಕೆಳಭಾಗದ ಪುಲ್ಲಿ ಚಕ್ರದ ಅಂಚಿನಲ್ಲಿ ಒಂದು, ಪಕ್ಕದ ಕವರಿನ ಮೇಲೆ ಒಂದು ಕೆಂಪು ಬೊಟ್ಟು ಕಂಡವು. ಹೋದ ವರ್ಷದ ಕುಂಕುಮ, ಎಣ್ಣೆ ಕುಡಿದು ಕೂತಿದೆ ಎಂದುಕೊಂಡೆ. ಡೀಸೆಲ್ ಹಾಕಿ ಬ್ರಷ್ಷಿನಲ್ಲಿ ತಿಕ್ಕಿದರೂ ಅವು ಹೋಗಲಿಲ್ಲ. ಪೇಂಟ್ ಕರಗಿಸುವ ಥಿನ್ನರ್ ಹಾಕಿ ಉಜ್ಜಿ ತೆಗೆದೆ. ಮರುದಿನ ಅದೇ ಜಾಗದಲ್ಲಿ ಹೊಸ ಕುಂಕುಮ ಇಟ್ಟೆ.

ಹಬ್ಬ ಕಳೆದ ಮೇಲೆ ಕೆಲಸ ಹಿಡಿದೆ. ಟ್ಯಾಪೆಟ್ ಸೆಟ್ ಮಾಡುವುದೆಂದರೆ ವಾಲ್ವುಗಳ ಮೇಲಿನ ಕೂದಲೆಳೆಯಷ್ಟು ಸಂದನ್ನು ಅಳೆದು ಸರಿಪಡಿಸುವುದು. ಅದಕ್ಕೆ ಮೊದಲ ಸಿಲಿಂಡರಿನ ಪಿಸ್ಟನ್ ಮೇಲಿನ ತುದಿಗೆ ಬಂದು ನಿಂತಿರಬೇಕು. ಪಿಸ್ಟನ್ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಕೆಳಗಿನ ಪುಲ್ಲಿಯ ಅಂಚಿನಲ್ಲಿ ಒಂದು ಗೀರು ಕೊರೆದಿರುತ್ತಾರೆ. ಅದು ಕವರಿನ ಸೊನ್ನೆಗೆ ಬಂದಾಗ ಪಿಸ್ಟನ್ ತುದಿಯಲ್ಲಿದೆ ಎಂದು ಲೆಕ್ಕ. ಆಗ ಮೇಲೆ, ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ನ ಗೇರಿನ ಗುರುತೂ ತನ್ನ ಜಾಗಕ್ಕೆ ಬಂದಿರಬೇಕು. ಮೇಲಿನದನ್ನೂ ಕೆಳಗಿನದನ್ನೂ ಹಲ್ಲಿರುವ ಬೆಲ್ಟ್ ಒಂದು ಜೋಡಿಸಿರುತ್ತದೆ.

ಗೀರನ್ನು ಸೊನ್ನೆಗೆ ತಂದೆ. ಮೇಲಿನ ಗುರುತು ಒಂದು ಹಲ್ಲಿನಷ್ಟು ಮುಂದೆ ಹೋಗಿ ನಿಂತಿತ್ತು. ಎರಡು ಸುತ್ತು ತಿರುಗಿಸಿ ಮತ್ತೆ ನೋಡಿದೆ. ಅಷ್ಟೇ.

ಆ ಬೆಲ್ಟ್ ಹಾಕಿದ್ದು ಭಾಯಿ. ತೀರಿಕೊಳ್ಳುವ ಆರು ತಿಂಗಳ ಮುಂಚೆ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದ ಕಾಲದಲ್ಲಿ, ಸ್ಟೂಲಿನ ಮೇಲೆ ಕೂತು ಈ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿ ಕಟ್ಟಿದ್ದರು. ನಮ್ಮಲ್ಲಿ ಎಂಜಿನ್ ಅವರದು. ಬ್ರೇಕು, ಕ್ಲಚ್ಚು, ಸಸ್ಪೆನ್ಷನ್ ನನ್ನದು. ನಾನು ಅವರ ಕೆಲಸ ಪರೀಕ್ಷೆ ಮಾಡಿದವನಲ್ಲ. ಈಗ ನೋಡಿದರೆ ಒಂದು ಹಲ್ಲು ತಪ್ಪಿದೆ. ಆಗಲೇ ಕೈ ಸೋತಿತ್ತು, ನಮಗೆ ಹೇಳಲಿಲ್ಲ ಎಂದುಕೊಂಡೆ. ಅವರ ಮೇಲೆ ಸಿಟ್ಟು ಬಂತು.

ಸರಿಯಾಗಿ ಮಾಡಬೇಕೆಂದರೆ ಕೆಳಗಿನ ಪುಲ್ಲಿ ಬಿಚ್ಚಿ, ಅದರ ಹಿಂದಿರುವ ಒಳಗೇರಿನ ಗುರುತು ನೋಡಬೇಕು. ಪುಲ್ಲಿಯ ಬೋಲ್ಟು ಜಗ್ಗಲಿಲ್ಲ, ಸ್ಪ್ಯಾನರಿಗೆ ಪೈಪು ಹಾಕಿ ತಿರುಗಿಸಲು ಜಾಗವಿಲ್ಲ. ಮೇಲಿನ ಕವರ್ ಮಾತ್ರ ತೆಗೆದು, ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರ್ ಸಡಿಲಿಸಿ, ಕ್ಯಾಮ್ ಗೇರನ್ನು ಒಂದು ಹಲ್ಲು ಹಿಂದಕ್ಕೆ ತಂದು ಬೆಲ್ಟ್ ಕೂರಿಸಿದೆ. ಗುರುತುಗಳು ಎದುರುಬದುರು ನಿಂತವು. ಆಮೇಲೆ ಟೈಮಿಂಗ್ ಲೈಟು ಹಿಡಿದೆ. ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಹೋದಾಗೆಲ್ಲ ಮಿಂಚುವ ದೀಪ ಅದು. ಆ ಮಿಂಚಿನಲ್ಲಿ ತಿರುಗುವ ಪುಲ್ಲಿಯ ಗೀರು ನಿಂತಂತೆ ಕಂಡು, ಕಿಡಿ ಯಾವಾಗ ಹಾರುತ್ತಿದೆ ಎಂದು ಹೇಳುತ್ತದೆ. ಪುಸ್ತಕದಲ್ಲಿ ಬರೆದಷ್ಟೇ ತೋರಿಸಿತು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಟ್ಟುವ ಅಗತ್ಯವೇ ಬರಲಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕು?

ಸಂಜೆ ಯಜಮಾನರು ಬಂದು, ಟ್ಯಾಪೆಟ್ ನೋಡು ಅಂದರೆ ಬೆಲ್ಟಿನ ಕವರ್ ಯಾಕೆ ಬಿಚ್ಚಿದೆ ಎಂದು ಕೇಳಿದರು. ಹೇಳಿಬಿಟ್ಟೆ. ಭಾಯಿ ಕೊನೆಕೊನೆಗೆ ಒಂದು ಹಲ್ಲು ತಪ್ಪಿಸಿದ್ದರು, ನಾನು ಸರಿ ಮಾಡಿದೆ ಎಂದೆ. ಅವರ ತಪ್ಪನ್ನು ನಾನು ಹಿಡಿದೆ ಎಂಬ ಸಣ್ಣ ಹೆಮ್ಮೆಯೂ ಆ ಮಾತಿನಲ್ಲಿತ್ತು. ಇದನ್ನು ಬರೆಯುವುದಕ್ಕೆ ಇಷ್ಟು ದಿನ ಹಿಡಿದದ್ದು ಅದಕ್ಕೇ.

ಮೂರನೇ ದಿನ ಕಾರು ವಾಪಸು ಬಂತು.

"ಇದು ನನ್ ಗಾಡಿ ಸದ್ದಲ್ಲ ಕಣಯ್ಯ," ಎಂದರು ಯಜಮಾನರು. "ಕಾಯಿಸ್ದೇ ಇರೋ ತಮಟೆ ಬಡ್ದಂಗೈತೆ."

ಟ್ಯಾಪೆಟ್ ಬಿಗಿಯಾದ ಮೇಲೆ ಸದ್ದು ತಗ್ಗುವುದು ಸಹಜ ಎಂದೆ. ಅವರು ಒಪ್ಪಲಿಲ್ಲ. ಅವರು ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು. ಬಾನೆಟ್ ಕೆಳಗಿನ ಸದ್ದು ಒಂದು, ಸೈಲೆನ್ಸರಿನ ಬಾಯಿಯ ಸದ್ದು ಇನ್ನೊಂದು. ಭಾಯಿ ಯಾವಾಗಲೂ ಹಿಂದಕ್ಕೆ ಹೋಗಿ ಕುಕ್ಕುರುಗಾಲಲ್ಲಿ ಕೂತು ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡುತ್ತಿದ್ದರು. ಕಿಡಿ ಹೊತ್ತಿಗೆ ಸರಿಯಾಗಿ ಹಾರಿದರೆ ಉರಿ ಒಳಗೇ ಮುಗಿದು, ಹೊರಗೆ ಬರುವ ಹೊಡೆತಗಳು ಒಂದೊಂದೂ ಬಿಡಿಯಾಗಿ, ಒಣಗಿ ಬರುತ್ತವೆ. ತಡವಾದರೆ ಉರಿ ಇನ್ನೂ ಮುಗಿಯದೆ ಸೈಲೆನ್ಸರಿಗೆ ನುಗ್ಗುತ್ತದೆ. ಹೊಡೆತಗಳು ಒಂದಕ್ಕೊಂದು ಅಂಟಿಕೊಂಡು ಬುಸುಬುಸು ಎನ್ನುತ್ತವೆ, ಅಂಗೈ ಸುಡುತ್ತದೆ. ನಾನು ಕೈ ಒಡ್ಡಿದೆ. ಸುಟ್ಟಿತು.

ಆದರೆ ಲೈಟು ಸರಿ ಎನ್ನುತ್ತಿತ್ತು. ಇಲ್ಲಿಂದ ನನ್ನ ಕರ್ಮ ಶುರುವಾಯಿತು.

ನಮ್ಮ ಗ್ಯಾರೇಜು ಸರ್ವೀಸ್ ರಸ್ತೆಗೆ ಮುಖ ಮಾಡಿದೆ. ಎದುರಿಗೆ ವಿಮಾನ ನಿಲ್ದಾಣದ ಹೆದ್ದಾರಿ. ಅಲ್ಲಿ ನಿಂತು ಎಂಜಿನ್ ಸದ್ದು ಕೇಳುವುದೆಂದರೆ ಎರಡು ಬಸ್ಸುಗಳ ನಡುವಿನ ಸಂದಿನಲ್ಲಿ ಕೇಳಬೇಕು. ಐಡ್ಲಿಂಗ್‌ನಲ್ಲಿ ಇಟ್ಟು ಕಿವಿ ಒಡ್ಡಿದರೆ ಲಾರಿ. ಲಾರಿ ಹೋಯಿತೆಂದರೆ ತಲೆಯ ಮೇಲೆ ವಿಮಾನ. ವಿಮಾನವೂ ಹೋಯಿತೆಂದರೆ ಪಕ್ಕದ ವೆಲ್ಡಿಂಗ್ ಅಂಗಡಿಯವನು ಗ್ರೈಂಡರ್ ಹಚ್ಚುತ್ತಾನೆ. ಬೆಳಿಗ್ಗೆ ಆರಕ್ಕೆ ಬಂದು ನೋಡಿದೆ. ಆಗ ಯಜಮಾನರೂ ಆರಕ್ಕೇ ಬರಲು ಶುರುಮಾಡಿದರು. ಭಾಯಿ ಕೂರುತ್ತಿದ್ದ ಸ್ಟೂಲೇ ಅವರಿಗೆ ಬೇಕು.

ಲೈಟನ್ನು ಪಕ್ಕಕ್ಕಿಟ್ಟು, ಡಿಸ್ಟ್ರಿಬ್ಯೂಟರನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಕಿಡಿಯನ್ನು ಮುಂಚಿತ ಮಾಡಿದೆ. ಸದ್ದು ಚುರುಕಾಯಿತು. ಹೊಡೆತಗಳು ಬಿಡಿಯಾದವು. ಇನ್ನೇನು ಮುಗಿಯಿತು ಎಂದುಕೊಂಡು ಲೈಟು ಹಿಡಿದರೆ ಪುಸ್ತಕದ ಲೆಕ್ಕಕ್ಕಿಂತ ಹದಿನೈದು ಡಿಗ್ರಿ ಹೆಚ್ಚು. ಅಷ್ಟು ಮುಂಚೆ ಕಿಡಿ ಕೊಟ್ಟರೆ ಪಿಸ್ಟನ್ ಒಡೆಯುತ್ತದೆ ಎಂದು ಎಲ್ಲರೂ ಕಲಿತಿರುತ್ತಾರೆ. ಹೆದರಿ ವಾಪಸು ತಂದೆ. ಮತ್ತೆ ಒದ್ದೆ ಸದ್ದು. ಮತ್ತೆ ತಿರುಗಿಸಿದೆ. ಒಂದು ವಾರದಲ್ಲಿ ಡಿಸ್ಟ್ರಿಬ್ಯೂಟರಿನ ಬೋಲ್ಟನ್ನು ಎಷ್ಟು ಸಲ ಬಿಚ್ಚಿ ಬಿಗಿದೆನೋ, ಅದರ ಮೂಲೆಗಳು ಸವೆದುಹೋದವು.

ಒಂದು ದಿನ ಮೊಂಡು ಹಿಡಿದು ಕಿಡಿಯನ್ನು ಮುಂದಿಟ್ಟೇ ಓಡಿಸಿದೆ. ನಿಂತಲ್ಲಿ ಸದ್ದು ಚೆನ್ನಾಗಿತ್ತು. ಹೆಬ್ಬಾಳದ ಏರು ಹತ್ತುವಾಗ ಎಂಜಿನ್ ಉಸಿರು ಕಟ್ಟಿದವರಂತೆ ಎಳೆಯಿತು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನೊಳಗೆ ಫುಸ್ ಫುಸ್ ಎಂದು ಉಗುಳಿತು. ಕಿಡಿಯಿಂದ ಸದ್ದಿನ ತುದಿ ಚೂಪಾಗಿತ್ತು, ಬುಡ ಹಾಗೇ ಇತ್ತು. ಕಾರ್ಬುರೇಟರ್ ಬಿಚ್ಚಿ ತೊಳೆದೆ. ಪ್ಲಗ್ಗು ಬದಲಿಸಿದೆ, ವೈರು ಬದಲಿಸಿದೆ, ಸೈಲೆನ್ಸರ್ ಕಟ್ಟಿಕೊಂಡಿದೆಯೇನೋ ಎಂದು ಬಿಚ್ಚಿ ಬಡಿದು ಅರ್ಧ ಬುಟ್ಟಿ ತುಕ್ಕು ಉದುರಿಸಿದೆ. ಹೊಗೆ ತಪಾಸಣೆಗೆ ತೆಗೆದುಕೊಂಡು ಹೋದರೆ ಅಲ್ಲಿನ ಹೆಣ್ಣುಮಗಳು ಪರದೆ ನೋಡಿ, ಸಾರ್ ಇದು ಪೆಟ್ರೋಲ್ ಗಾಡೀನಾ ಸೀಮೆಎಣ್ಣೆ ಸ್ಟೌವಾ ಎಂದು ಕೇಳಿದಳು. ಫೇಲು.

ಯಜಮಾನರು ಸ್ಟೂಲಿನ ಮೇಲಿಂದ, "ಭಾಯಿ ಇದ್ದಿದ್ರೆ ಇಷ್ಟೊತ್ಗೆ ಮಾಡಿ ಬಿಸಾಕಿರೋರು," ಎಂದರು.

"ಭಾಯಿ ಮಾಡಿದ್ದನ್ನೇ ನಾನೀಗ ಸರಿ ಮಾಡ್ತಿರೋದು," ಎಂದೆ. ಹೌದು, ಎರಡನೇ ಸಲವೂ ಹೇಳಿದೆ.

ಮರುದಿನ ಭಾಬಿಯ ಫೋನು ಬಂತು. ಭಾಯಿಯ ಹೆಂಡತಿ, ಆರ್.ಟಿ. ನಗರದ ಮನೆಯಿಂದ. ಅವರು ನನಗೆ ಸುಮ್ಮನೆ ಫೋನ್ ಮಾಡುವವರಲ್ಲ.

"ಭಯ್ಯಾ, ಒಂದ್ ಮಾತ್ ಕೇಳ್ತೀನಿ, ಮುಚ್ಚಿಡ್ಬೇಡಿ. ಅವ್ರು ಎಷ್ಟ್ ಗಾಡಿ ಹಾಳ್ ಮಾಡಿದ್ರು?"

ಯಜಮಾನರು ಮಾತಾಡಿಸಿಕೊಂಡು ಬರಲು ಅವರ ಮನೆಗೆ ಹೋಗಿದ್ದರಂತೆ. ಕೂತು ಎದ್ದು ಬರುವ ಮೊದಲು, ಪಾಪ, ಕೊನೆಗೆ ಕೈ ನಿಲ್ಲುತ್ತಿರಲಿಲ್ಲವಂತೆ, ಹಲ್ಲು ತಪ್ಪಿಸಿ ಬೆಲ್ಟ್ ಹಾಕಿದ್ದರಂತೆ ಎಂದು ಮರುಕದಿಂದಲೇ ಹೇಳಿದ್ದಾರೆ. ಒಂದೇ ಗಾಡಿ ಭಾಬಿ, ಅದನ್ನೂ ಸರಿ ಮಾಡುತ್ತಿದ್ದೇನೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಒಂದರಲ್ಲಿ ತಪ್ಪಿದ ಕೈ ಉಳಿದವುಗಳಲ್ಲಿ ತಪ್ಪಿಲ್ಲ ಎಂದು ನೀವು ಹೇಗೆ ಹೇಳುತ್ತೀರಿ ಎಂದರು. ಅವರ ಮನೆಗಳಲ್ಲಿ ಒಬ್ಬರು ಹೋದ ಮೇಲೆ, ಹೋದವರಿಂದ ಯಾರಿಗಾದರೂ ನಷ್ಟವಾಗಿದ್ದರೆ ಮನೆಯವರು ಹೋಗಿ ಮಾಫ್ ಮಾಡಿಬಿಡಿ ಎಂದು ಕೇಳಿಕೊಳ್ಳುತ್ತಾರೆ. ಇಲ್ಲದಿದ್ದರೆ ಆ ಭಾರ ಸತ್ತವರ ಮೇಲೆ ಉಳಿಯುತ್ತದೆ. ಭಾಬಿ ಭಾಯಿಯ ಫೋನು ತೆಗೆದು, ಕೊನೆಯ ವರ್ಷ ಅವರ ಹತ್ತಿರ ಕೆಲಸ ಮಾಡಿಸಿದವರಿಗೆಲ್ಲ ಫೋನ್ ಮಾಡಲು ಶುರುಮಾಡಿದ್ದರು. ನಿಮ್ಮ ಗಾಡಿ ಒಂದು ಸಲ ಬೇರೆ ಕಡೆ ತೋರಿಸಿಬಿಡಿ, ಅವರನ್ನು ಮಾಫ್ ಮಾಡಿ ಎಂದು.

ನಿಲ್ಲಿಸಿ ಭಾಬಿ ಎಂದೆ. ಯಾಕೆ ಎಂದು ಕೇಳಿದರು. ಹಲ್ಲು ತಪ್ಪಿದ್ದು ನಿಜ, ಕಣ್ಣಾರೆ ನೋಡಿದ್ದೇನೆ. ಫೋನ್ ಇಟ್ಟ ಮೇಲೆ ಸ್ಪ್ಯಾನರನ್ನು ಗೋಡೆಗೆ ಎಸೆದೆ. ಯಜಮಾನರು ಸ್ಟೂಲು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

ತಪಾಸಣೆಗೆ ನಾಲ್ಕು ದಿನ ಉಳಿದಿತ್ತು. ಕೊನೆಗೆ ಕಂಪ್ರೆಷನ್ ಗೇಜು ಹಿಡಿದೆ. ಪ್ಲಗ್ ಬಿಚ್ಚಿದ ತೂತಿಗೆ ಸಿಕ್ಕಿಸಿ, ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತಿದೆ ಎಂದು ನೋಡುವ ಗೇಜು. ನಾಲ್ಕರಲ್ಲೂ ಕಡಿಮೆ ತೋರಿಸಿತು. ಪಿಸ್ಟನ್ನಿನ ರಿಂಗುಗಳೇ ಸವೆದುಹೋಗಿವೆ, ಎಂಜಿನ್ ಪೂರ್ತಿ ಇಳಿಸಬೇಕು, ನಾಲ್ಕು ದಿನದಲ್ಲಿ ಆಗುವ ಮಾತಲ್ಲ ಎಂದುಕೊಂಡೆ. ಒಂದು ಕಡೆ ಹಗುರವೂ ಆಯಿತು. ಕಾರು ಗುಜರಿಗೆ ಹೋಗಲಿ, ಈ ಸದ್ದು ಮುಗಿಯಲಿ ಎನಿಸಿತು. ಸಿಲಿಂಡರ್ ಕೊರೆಸಬೇಕಾಗುತ್ತದೆ ಎಂದು ಯಶವಂತಪುರದ ಬೋರಿಂಗ್ ಅಂಗಡಿಯ ಹಿರಿಯರಿಗೆ ಫೋನ್ ಮಾಡಿದೆ. ಭಾಯಿ ಅವರ ಹತ್ತಿರವೇ ಎಂಜಿನ್ ಕೆಲಸ ಕಲಿತದ್ದು. ಅವರು ನಾಲ್ಕು ಸಿಲಿಂಡರಿನ ಲೆಕ್ಕ ಕೇಳಿದರು. ಓದಿದೆ. ನಾಲ್ಕೂ ಹೆಚ್ಚುಕಡಿಮೆ ಒಂದೇ.

"ನಾಲ್ಕು ಜನ ಒಂದೇ ದಿನ ಮುದುಕರಾಗ್ತಾರೇನೋ?" ಎಂದರು. "ಒಬ್ಬೊಬ್ರು ಒಂದೊಂದ್ ಥರ ಸವೀತಾರೆ. ನಾಲ್ಕೂ ಒಟ್ಟಿಗೆ ಬಿದ್ರೆ ವಾಲ್ವ್ ತಡವಾಗಿ ಮುಚ್ತಾ ಇದೆ ಅಂತ. ಬೆಲ್ಟ್ ಯಾರು ಮುಟ್ಟಿದ್ದು?"

ನಾನು ಎಂದೆ. ಗುರುತು ನೋಡಿಯೇ ಹಾಕಿದೆ ಎಂದೆ.

"ಯಾವ ಗುರುತು?"

ಪುಲ್ಲಿಯದು ಎಂದೆ. "ಅದೇನು ದೇವರ ಬರಹಾನಾ? ಪಿಸ್ಟನ್ ಕೇಳು," ಎಂದು ಫೋನ್ ಇಟ್ಟರು.

ಅವತ್ತು ಮಧ್ಯಾಹ್ನ ಊಟ ಬಿಟ್ಟು ಕೂತು ನಿರ್ಧಾರ ಮಾಡಿದೆ. ಗೀರನ್ನು ನಂಬುವುದಿಲ್ಲ, ಲೈಟನ್ನೂ ನಂಬುವುದಿಲ್ಲ. ಒಳಗಿನ ಪಿಸ್ಟನ್ ನಿಜವಾಗಿ ಎಲ್ಲಿ ತುದಿಗೆ ಬರುತ್ತದೆ ಎಂದು ನಾನೇ ಹುಡುಕುತ್ತೇನೆ. ಅದಕ್ಕೆ ಎಳನೀರಿನ ಸ್ಟ್ರಾ ಒಳ್ಳೆಯದು. ಪ್ಲಗ್ಗಿನ ತೂತಿನಿಂದ ಇಳಿಬಿಟ್ಟರೆ ಪಿಸ್ಟನ್ನಿಗೆ ಗೀಚು ಬೀಳುವುದಿಲ್ಲ. ಎಳನೀರಿನವನ ಹತ್ತಿರ ಹೋದರೆ ಈಗ ಕಾಗದದ ಸ್ಟ್ರಾ. ಎಣ್ಣೆ ತಾಗಿದ ಕೂಡಲೇ ಮೆತ್ತಗಾಗಿ ಒಳಗೇ ಮಡಚಿಕೊಂಡಿತು. ಅದರ ತುಂಡನ್ನು ಚಿಮಟದಲ್ಲಿ ಹೊರಗೆ ತೆಗೆಯಲು ಅರ್ಧ ಗಂಟೆ. ಕೊನೆಗೆ ಸೈಕಲ್ ಕಡ್ಡಿಯೊಂದರ ತುದಿಗೆ ಟೇಪು ಸುತ್ತಿ ಇಳಿಬಿಟ್ಟೆ.

ಎಂಜಿನ್ನನ್ನು ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸಿದರೆ ಕಡ್ಡಿ ಮೇಲೇರುತ್ತದೆ, ತುದಿಯಲ್ಲಿ ಒಂದಷ್ಟು ಹೊತ್ತು ಅಲುಗದೆ ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ನಿಂತಲ್ಲಿ ಗುರುತು ಮಾಡಿದರೆ ಮೋಸ. ಹಾಗಾಗಿ ಏರುವಾಗ ಕಡ್ಡಿ ಒಂದು ಎತ್ತರಕ್ಕೆ ಬಂದಾಗ ಪುಲ್ಲಿಯ ಮೇಲೆ ಒಂದು ಗೆರೆ, ಇಳಿಯುವಾಗ ಅದೇ ಎತ್ತರಕ್ಕೆ ಬಂದಾಗ ಇನ್ನೊಂದು ಗೆರೆ ಸೀಮೆಸುಣ್ಣದಲ್ಲಿ ಎಳೆದೆ. ಎರಡರ ನಟ್ಟನಡುವೆ ನಿಜವಾದ ತುದಿ. ಮೂರು ಸಲ ಮಾಡಿದೆ. ಮೂರು ಸಲವೂ ನಡು ಒಂದೇ ಕಡೆ ಬಂತು, ಕೊರೆದ ಗೀರಿನಿಂದ ಒಂದು ಹೆಬ್ಬೆರಳಿನಷ್ಟು ದೂರ.

ಆ ಪುಲ್ಲಿ ಎರಡು ತುಂಡಿನದು. ಒಳಗೊಂದು ಕಬ್ಬಿಣ, ಹೊರಗೊಂದು ಬಳೆ, ನಡುವೆ ರಬ್ಬರು. ವಯಸ್ಸಾಗಿ ರಬ್ಬರು ಸಡಿಲವಾಗಿ ಹೊರಗಿನ ಬಳೆ ಜಾರಿತ್ತು, ಅದರ ಜೊತೆ ಗೀರೂ ಜಾರಿತ್ತು. ಅದು ಸೊನ್ನೆ ತೋರಿಸುವ ಹೊತ್ತಿಗೆ ಪಿಸ್ಟನ್ ತುದಿ ದಾಟಿ ಕೆಳಗಿಳಿಯುತ್ತಿತ್ತು. ಆ ಸುಳ್ಳಿಗೆ ಸರಿಯಾಗಿ ನಾನು ವಾಲ್ವುಗಳನ್ನು ಒಂದು ಹಲ್ಲು ತಡ ಮಾಡಿದ್ದೆ. ಡಿಸ್ಟ್ರಿಬ್ಯೂಟರ್ ಕ್ಯಾಮಿನ ತುದಿಯಿಂದಲೇ ತಿರುಗುವುದರಿಂದ ಕಿಡಿಯೂ ಅಷ್ಟೇ ತಡವಾಗಿತ್ತು. ಅದೇ ಸುಳ್ಳು ಗೀರನ್ನು ನೋಡಿ ಲೈಟು ಎಲ್ಲ ಸರಿ ಎಂದಿತ್ತು.

ಸೀಮೆಸುಣ್ಣ ಒರೆಸಿ ಆ ನಡುವಿನ ಜಾಗಕ್ಕೆ ಟಾರ್ಚು ಬಿಟ್ಟೆ. ಬೀಡುಕಬ್ಬಿಣದ ಸಣ್ಣ ಗುಳಿಗಳಲ್ಲಿ ಕೆಂಪು ಕೂತಿತ್ತು. ಸೂಜಿಯಿಂದ ಕೆದಕಿದೆ. ಕುಂಕುಮ ಪುಡಿಯಾಗುತ್ತದೆ. ಇದು ಸಿಪ್ಪೆಯಾಗಿ ಎದ್ದಿತು. ಉಗುರಿಗೆ ಹಚ್ಚುವ ಬಣ್ಣ. ಭಾಯಿ ಹೀಗೇ ಪಿಸ್ಟನ್ನನ್ನು ಕೇಳಿ ತಿಳಿದುಕೊಂಡು, ಎರಡು ಬೊಟ್ಟು ಇಟ್ಟು, ಯಾರಿಗೂ ಹೇಳದೆ ಹೋಗಿದ್ದರು. ಎಂಜಿನ್ ಬಿಚ್ಚುತ್ತಿದ್ದವರೂ ಅವರೇ, ಪ್ರತಿ ವರ್ಷ ತೊಳೆಯುತ್ತಿದ್ದವರೂ ಅವರೇ. ಹೇಳುವ ಅಗತ್ಯ ಬಿದ್ದಿರಲಿಲ್ಲ. ಒಂದು ಚೀಟಿ ಬರೆದಿಟ್ಟಿದ್ದರೆ ಏನಾಗುತ್ತಿತ್ತು ಎಂದು ಅವರನ್ನು ಜೋರಾಗಿಯೇ ಬೈದೆ. ಬೈಯುತ್ತಲೇ ಅಳು ಬಂತು. ಯಜಮಾನರು ಅವತ್ತು ಬಂದಿರಲಿಲ್ಲ, ಒಳ್ಳೆಯದಾಯಿತು.

ಮರುದಿನ ಪೈಪಿಗೆ ಜಾಗ ಮಾಡಲು ರೇಡಿಯೇಟರನ್ನೇ ಇಳಿಸಿ ಪುಲ್ಲಿ ಬಿಚ್ಚಿದೆ. ಹಿಂದಿನ ಒಳಗೇರಿನ ಗುರುತು ಕಡ್ಡಿ ಹೇಳಿದ್ದನ್ನೇ ಹೇಳಿತು. ಬೆಲ್ಟನ್ನು ಭಾಯಿ ಇಟ್ಟಿದ್ದ ಹಲ್ಲಿಗೆ ವಾಪಸು ತಂದೆ, ಕಿಡಿಯನ್ನು ಹೊಸ ಗುರುತಿಗೆ ಸೆಟ್ ಮಾಡಿದೆ. ಗೇಜು ನಾಲ್ಕೂ ಸಿಲಿಂಡರಿನಲ್ಲಿ ಏರಿತು. ಸ್ಟಾರ್ಟ್ ಮಾಡಿ ಹಿಂದಕ್ಕೆ ಹೋಗಿ ಅಂಗೈ ಒಡ್ಡಿದೆ. ಹೊಡೆತಗಳು ಒಂದೊಂದಾಗಿ ಬಂದವು. ಅವುಗಳ ನಡುವೆ ಬಿಡುವಿತ್ತು. ಬಸ್ಸುಗಳಿದ್ದರೂ ಕೇಳುತ್ತಿತ್ತು.

ಯಜಮಾನರು ಶನಿವಾರ ಬಂದು, ಬಾನೆಟ್ ಹತ್ತಿರವೂ ಬರದೆ, ಗೇಟಿನಲ್ಲೇ ನಿಂತು ಕೇಳಿದರು. "ಆಂ. ಅಂಗೆ," ಎಂದರು.

ನಡೆದದ್ದೆಲ್ಲ ಹೇಳಿದೆ. ತಪ್ಪು ಭಾಯಿಯದಲ್ಲ, ನನ್ನದು ಎಂದೆ. ಅವರ ಮುಖ ಇಳಿಯಿತು. ನಾನು ಅವರೊಬ್ಬರಿಗೆ ಹೇಳಿದ್ದನ್ನು ಅವರು ಅರ್ಧ ಊರಿಗೆ ಹೇಳಿದ್ದರು.

"ಅಲ್ಲಯ್ಯ, ನೀನ್ ಏಳ್ದೆ ಅಂತ ನಾನೇಳ್ದೆ. ಈಗ ನಾನ್ ಏನ್ ಮುಖ ಇಟ್ಕಂಡ್ ಓಗ್ಲಿ ಆ ಮನೆಗೆ?"

"ಇದೇ ಮುಖ ಇಟ್ಕೊಂಡೇ ಬನ್ನಿ. ನಂದೂ ಬರುತ್ತೆ ಜೊತೆಗೆ," ಎಂದೆ.

ಸೋಮವಾರ ಕಾರು ಹೊಗೆಯಲ್ಲೂ ತಪಾಸಣೆಯಲ್ಲೂ ಪಾಸಾಯಿತು. ಅಲ್ಲಿಂದ ನೇರವಾಗಿ ಆರ್.ಟಿ. ನಗರಕ್ಕೆ ಹೋದೆವು. ಯಜಮಾನರು ದಾರಿಯಲ್ಲಿ ನಿಲ್ಲಿಸಿ ಸೇಬು ಕೊಂಡರು, ಸಾಲದೆನಿಸಿ ಮುಂದೆ ಮತ್ತೊಂದು ಕಡೆ ನಿಲ್ಲಿಸಿ ಖರ್ಜೂರ ಕೊಂಡರು. ಎರಡನೇ ಮಹಡಿಯ ಮನೆಯಲ್ಲಿ ಭಾಬಿ ನಮ್ಮನ್ನು ಕೂರಿಸಿದರು. ನಾನು ಪುಲ್ಲಿ, ಗೀರು, ಥಿನ್ನರ್ ಎಂದು ಮೊದಲಿನಿಂದ ಹೇಳಲು ಹೊರಟೆ. ಅವರು ಅದನ್ನೆಲ್ಲ ಬಿಡಿ ಎಂದು ಕೈ ಎತ್ತಿದರು.

"ಕೈ ತಪ್ಪಿತ್ತಾ ಇಲ್ವಾ?"

"ಇಲ್ಲ ಭಾಬಿ. ಸರಿಯಾಗೇ ಇತ್ತು. ತಪ್ಪಿದ್ದು ನನ್ದು."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ಮೂವತ್ತು ವರ್ಷ ಜೊತೇಲಿದ್ದೆ," ಎಂದರು. "ನೀವು ಹೇಳಿದ್ ತಕ್ಷಣ ನಂಬ್ಬಿಟ್ಟೆ ನೋಡಿ, ಭಯ್ಯಾ."

ಯಜಮಾನರು ಸೇಬಿನ ಚೀಲವನ್ನು ಮಡಿಲಿನಿಂದ ಇಳಿಸಿರಲೇ ಇಲ್ಲ. ಎಷ್ಟು ಜನಕ್ಕೆ ಫೋನ್ ಮಾಡಿದ್ದೀರಿ ಎಂದು ಕೇಳಿದೆ. ಹನ್ನೊಂದು ಎಂದರು. ಭಾಯಿಯ ಫೋನು ಕೊಡಿ ಎಂದೆ. ಅದೇ ನಂಬರಿನಿಂದ ಹೋದ ಮಾತು ಅದೇ ನಂಬರಿನಿಂದ ವಾಪಸು ಬರಲಿ ಎನಿಸಿತು. ಭಾಬಿ ಒಳಗಿನಿಂದ ಫೋನು ತಂದು, ಒಂದು ಕಾಗದವನ್ನೂ ಕೊಟ್ಟರು. ಹನ್ನೊಂದು ಹೆಸರುಗಳನ್ನು ಬರೆದು, ಮಾಫ್ ಮಾಡಿದೆವು ಎಂದವರ ಮುಂದೆ ಟಿಕ್ ಹಾಕಿದ್ದರು. ಎಲ್ಲರೂ ಮಾಫ್ ಮಾಡಿದ್ದರು.

ಮೊದಲ ಹೆಸರು ಕೊಡಿಗೇಹಳ್ಳಿಯ ಮೇಷ್ಟರೊಬ್ಬರದು. ಎರಡನೇ ರಿಂಗಿಗೇ ಎತ್ತಿದರು.

"ಅಮ್ಮಾ, ಮತ್ತೆ ಯಾಕೆ ಫೋನ್ ಮಾಡಿದ್ರಿ? ನಾವು ಅವತ್ತೇ ಬಿಟ್ಬಿಟ್ವಲ್ಲ, ಮನಸ್ಸಿಗೆ ಹಚ್ಕೋಬೇಡಿ," ಎಂದರು.

"ಅಮ್ಮ ಅಲ್ಲ ಸಾರ್, ನಾನು, ಗ್ಯಾರೇಜಿಂದ," ಎಂದೆ. "ನೀವು ಕೊಟ್ಟ ಮಾಫಿ ಭಾಯಿಗೆ ಬೇಕಿರ್ಲಿಲ್ಲ. ಅದನ್ನ ನಾನು ಕೇಳ್ಬೇಕಾಗಿತ್ತು."